ಲಾಸ್ ಏಂಜಲಿಸ್ ನಗರದ ನೆರೆಹೊರೆ

ಲಾಸ್ ಏಂಜಲಿಸ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಹಾಲಿವುಡ್ಡಿನ ಚಲಚ್ಚಿತ್ರಗಳು ನೆನಪಾಗುವುದು ಸಹಜ. ಆದರೆ ಈ ಹೊತ್ತು ನಾವು ವಿಚಾರಮಾಡಬೇಕೆಂದಿರುವುದು ತಾರೆಯರ ವಿಷಯವನ್ನಲ್ಲ. ಆ ನಗರದಲ್ಲಿ ಬಾಡಿಗೆ ತೆತ್ತು, ಬಸ್ಸಿಗೆ ಕಾದು, ಮಕ್ಕಳನ್ನು ಶಾಲೆಗೆ ಕಳುಹಿಸಿ ಬಾಳುವ ಸಾಮಾನ್ಯ ಜನರ ವಿಷಯವನ್ನು.

1781ರಲ್ಲಿ ಸ್ಪೇನಿನ ಆಳ್ವಿಕೆಯ ಕಾಲದಲ್ಲಿ 44 ಮಂದಿ ವಲಸೆಗಾರರು ಅಲ್ಲಿ ನೆಲೆನಿಂತರು. ಅವರಲ್ಲಿ ಅರ್ಧಕ್ಕೂ ಮಿಕ್ಕಿದವರ ಮೈಯಲ್ಲಿ ಆಫ್ರಿಕದ ರಕ್ತವಿದ್ದಿತು; ಉಳಿದವರಲ್ಲಿಯೂ ಅಮೆರಿಕದ ಮೂಲನಿವಾಸಿಗಳೂ ಮಿಶ್ರಸಂತತಿಯವರೂ ಹೆಚ್ಚು. ಅವರಿಗಿಂತ ಬಹುಕಾಲ ಮುಂಚಿನಿಂದಲೂ ಆ ನೆಲದಲ್ಲಿ ಟೋಂಗ್ವಾ ಜನರಿದ್ದರು. ಎಂದಮೇಲೆ, ಬೆರಕೆಯೆಂಬುದು ಆ ಊರಿಗೆ ಈಚೆಗೆ ಅಂಟಿದ ಗುಣವಲ್ಲ, ಹುಟ್ಟುಗುಣ.

ಊರು ಇಷ್ಟೊಂದು ಹರಡಿಕೊಂಡುದಕ್ಕೆ ಮುಖ್ಯ ಕಾರಣ ನೀರು. 1913ರಲ್ಲಿ 233 ಮೈಲಿ ಉದ್ದದ ಕಾಲುವೆಯಿಂದ ದೂರದ ಓವೆನ್ಸ್ ಕಣಿವೆಯ ನೀರು ಬಂದಿತು. ಆ ನೀರು ಬೇಕೆಂದವರು ನಗರಕ್ಕೆ ಸೇರಬೇಕಾಯಿತು. 1915ರಲ್ಲಿ ಸ್ಯಾನ್ ಫರ್ನಾಂಡೊ ಕಣಿವೆಯ ಬಹುಭಾಗ ಹಾಗೆಯೇ ಸೇರಿತು. ಟ್ರಾಂ ಗಾಡಿಗಳು ಜನವನ್ನು ದೂರದೂರಕ್ಕೆ ಒಯ್ದುವು. ಆಮೇಲೆ ಮೋಟಾರು ಬಂದಿತು. ಇಂದು ನಗರದ ನೆಲ ಸುಮಾರು 470 ಚದರ ಮೈಲಿ. 2020ರ ಜನಗಣತಿಯಲ್ಲಿ ಸುಮಾರು 39 ಲಕ್ಷ ಜನ.

ಸ್ಥಳ ಹೇರಳವಾಗಿದ್ದರೂ ಎಲ್ಲರಿಗೂ ಎಲ್ಲೆಂದರಲ್ಲಿ ಮನೆ ಸಿಕ್ಕುತ್ತಿರಲಿಲ್ಲ. ಅನೇಕ ಬಡಾವಣೆಗಳ ಕ್ರಯಪತ್ರಗಳಲ್ಲಿಯೇ, ಬಿಳಿಯರಲ್ಲದವರಿಗೆ ಈ ಮನೆಯನ್ನು ಮಾರತಕ್ಕದ್ದಲ್ಲವೆಂಬ ಷರತ್ತು ಬರೆದಿರುತ್ತಿತ್ತು. ಕೆಲವೆಡೆ ಯೆಹೂದ್ಯರಿಗೂ ಅದೇ ಗತಿ. ಹೀಗೆ ಬೇರೆಡೆ ಬಾಗಿಲು ಮುಚ್ಚಿಸಿಕೊಂಡವರು ನದಿಯ ಪೂರ್ವಕ್ಕಿರುವ ಬಾಯ್ಲ್ ಹೈಟ್ಸ್ ಎಂಬ ಬಡಾವಣೆಯಲ್ಲಿ ಕೂಡಿದರು: ಯೆಹೂದ್ಯರು, ಮೆಕ್ಸಿಕೋದವರು, ಜಪಾನೀಯರು, ರಷ್ಯದವರು, ಆರ್ಮೇನಿಯದವರು. ಒಂದೇ ಪ್ರೌಢಶಾಲೆಯ ಬೆಂಚುಗಳಲ್ಲಿ ಇವರೆಲ್ಲರ ಮಕ್ಕಳು ಕುಳಿತರು. ಬೀದಿಯಲ್ಲಿ ಯಿಡ್ಡಿಷ್ ಮಾತೂ ಸ್ಪ್ಯಾನಿಷ್ ಮಾತೂ ಒಟ್ಟಿಗೆ ಕೇಳಿಬರುತ್ತಿದ್ದುವು.

ಇದನ್ನು ಸರಕಾರ ಹೇಗೆ ಕಂಡಿತು? 1939ರಲ್ಲಿ ಮನೆಸಾಲಕ್ಕೆ ಸಂಬಂಧಪಟ್ಟ ಕೇಂದ್ರಸರಕಾರದ ಸಂಸ್ಥೆಯೊಂದು ನಗರದ ಭೂಪಟವನ್ನು ಸಿದ್ಧಪಡಿಸಿ, ಸಾಲ ಕೊಡಲು ಅಪಾಯಕರವಾದ ಪ್ರದೇಶಗಳಿಗೆ ಕೆಂಪು ಬಳಿಯಿತು. ಬಾಯ್ಲ್ ಹೈಟ್ಸಿಗೂ ಕೆಂಪೇ ಬಿದ್ದಿತು. ನಾನಾ ಜನಾಂಗಗಳು ಅಲ್ಲಿ ಬೆರೆತು ವಾಸಿಸುತ್ತಿರುವುದೇ ಆ ವರದಿಯಲ್ಲಿ ದೋಷವೆಂದು ದಾಖಲೆಯಾಗಿದೆ. ಜಗಳವಾಡುತ್ತಿದ್ದರೆಂದಲ್ಲ, ಕೂಡಿ ಬಾಳುತ್ತಿದ್ದರೆಂದು ಸಾಲ ತಪ್ಪುವ ವಿಚಿತ್ರವನ್ನು ನಾವು ಬೇರೆಲ್ಲಿ ಕಂಡೇವು!

1942ರಲ್ಲಿ ಯುದ್ಧದ ನೆಪದಿಂದ ಜಪಾನೀ ವಂಶದವರನ್ನೆಲ್ಲ, ಅಮೆರಿಕದಲ್ಲಿಯೇ ಹುಟ್ಟಿದವರನ್ನೂ ಬಿಡದೆ, ದೂರದ ಶಿಬಿರಗಳಿಗೆ ಕಳುಹಿಸಿದರು. ಶಾಲೆಯ ಬೆಂಚುಗಳು ಬರಿದಾದುವು. ಅವರ ಲಿಟಲ್ ಟೋಕಿಯೋ ಪೇಟೆಯಲ್ಲಿ, ಯುದ್ಧಕಾಲದ ಕೆಲಸವನ್ನರಸಿ ದಕ್ಷಿಣ ಸಂಸ್ಥಾನಗಳಿಂದ ಬಂದ ಕರಿಯ ಜನರು ನೆಲೆಸಿದರು. ಅವರಿಗಾದರೂ ಮನೆ ಸಿಕ್ಕುವ ಬೇರೆ ಸ್ಥಳವೆಲ್ಲಿದ್ದಿತು?

ಕ್ರಯಪತ್ರದ ಅಂತಹ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1948ರಲ್ಲಿ ತೀರ್ಪಿತ್ತಿತು. ಮರುವರ್ಷ ಬಾಯ್ಲ್ ಹೈಟ್ಸಿನ ಮತದಾರರು, ಮೆಕ್ಸಿಕೋ ಮೂಲದ ಎಡ್ವರ್ಡ್ ರಾಯ್ಬಾಲರನ್ನು ನಗರಸಭೆಗೆ ಆರಿಸಿದರು. ಯೆಹೂದ್ಯ ನೆರೆಯವರ ಮತಗಳೂ ಅವರಿಗೆ ಬಿದ್ದಿದ್ದುವು. ಆದರೆ ಬಾಗಿಲುಗಳು ತೆರೆದಂತೆಲ್ಲ ಯೆಹೂದ್ಯರು ಪಶ್ಚಿಮದ ಬಡಾವಣೆಗಳಿಗೆ ಹೊರಟರು. ಹೆದ್ದಾರಿಗಳು ಬಂದು ಬೀದಿಗಳನ್ನು ಸೀಳಿದುವು. ಇಂದು ಅಲ್ಲಿರುವವರು ಬಹುಮಟ್ಟಿಗೆ ಮೆಕ್ಸಿಕೋ ಮೂಲದವರೇ. ಯೆಹೂದ್ಯರ ಹಳೆಯ ಪ್ರಾರ್ಥನಾಮಂದಿರವೊಂದು ಬ್ರೀಡ್ ಬೀದಿಯಲ್ಲಿ ಇನ್ನೂ ನಿಂತಿದೆ.

1965ರ ವಲಸೆಯ ಕಾನೂನಿನ ತರುವಾಯ ಏಷ್ಯದವರು ಹೊಸದಾಗಿ ಬಂದರು. ಕೊರಿಯಾಟೌನ್ ಎಂದು ಹೆಸರಾದ ಪೇಟೆಯಲ್ಲಿ ಈಗ ಕೊರಿಯದವರಿಗಿಂತ ಲ್ಯಾಟಿನ್ ಅಮೆರಿಕದ ಮೂಲದವರೇ ಹೆಚ್ಚು. 1992ರ ಏಪ್ರಿಲಿನಲ್ಲಿ, ರಾಡ್ನಿ ಕಿಂಗ್ ಎಂಬ ಕರಿಯನನ್ನು ಥಳಿಸಿದ ಪೊಲೀಸರು ಬಿಡುಗಡೆಯಾದಾಗ ಎದ್ದ ದಂಗೆಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಕೊರಿಯದವರ ಅಂಗಡಿಗಳು ಸಾಲುಸಾಲಾಗಿ ಉರಿದುವು. ಒಂದೇ ನಗರದೊಳಗಿದ್ದೂ ಗಿರಾಕಿಗೂ ಅಂಗಡಿಯವನಿಗೂ ಗಲ್ಲಾಪೆಟ್ಟಿಗೆಯ ಆಚೆಗೆ ಪರಿಚಯವಿಲ್ಲದಿದ್ದುದು ಆ ಕೇಡಿಗೆ ಒಂದು ಕಾರಣವೆಂದು ನಮ್ಮ ಎಣಿಕೆ.

ಆ ಪೇಟೆಯ ಭೋಜನಶಾಲೆಗಳಲ್ಲಿ ಈಗ ಯಜಮಾನ ಕೊರಿಯದವನಾದರೆ, ಒಳಗೆ ಒಲೆಯ ಬಳಿ ನಿಂತವನು ಎಷ್ಟೋ ವೇಳೆ ಮೆಕ್ಸಿಕೋದ ಓಆಹಾಕದವನು. ಕಿಮ್ಚಿಯ ಹದ ಅವನ ಕೈಗೂ ಬಂದಿದೆ. ಕೊರಿಯದ ಮಾತು ನಾಲ್ಕಾರು ಅವನ ನಾಲಗೆಗೂ ಹತ್ತಿದೆ.