ಕಣಕಿ ಒಣಗುವ ಲೆಕ್ಕ

ಹಿಮ ಬೀಳುವ ದೇಶಗಳಲ್ಲಿ ಬೇಸಿಗೆಯ ಹುಲ್ಲು ಕೊಯ್ದು, ಒಣಗಿಸಿ, ಚಳಿಗಾಲಕ್ಕೆ ಕೂಡಿಡುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆಯ ಎರಿ ಹೊಲಗಳಲ್ಲಿ ಕಾಲ ತಿರುಗುಮುರುಗು. ಚಳಿಗಾಲದ ಎಳ್ಳಮಾವಾಸ್ಯೆಗೆ ಇಲ್ಲಿ ಜೋಳ ಹಸಿರಾಗಿ ನಿಂತಿರುತ್ತದೆ. ದನಗಳಿಗೆ ಮೇವು ಸಾಲದಾಗುವುದು ಏಪ್ರಿಲ್, ಮೇ ತಿಂಗಳಲ್ಲಿ.

ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ, ಕಪ್ಪು ಮಣ್ಣು ಹಿಡಿದಿಟ್ಟುಕೊಂಡ ತೇವವನ್ನೇ ಕುಡಿದು ಬೆಳೆಯುತ್ತದೆ. ಇದೇ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ನಾಟಿ ಜೋಳದಿಂದ ಆಯ್ದು ತೆಗೆದ ಮಾಲದಂಡಿ 35-1 ತಳಿ ಇಂದಿಗೂ ಹೊಲ ಬಿಟ್ಟಿಲ್ಲ. ಹೈಬ್ರಿಡ್‌ಗಳು ಬಂದವು, ಹಿಂಗಾರಿಯಲ್ಲಿ ಬೇರೂರಲಿಲ್ಲ. ರೈತ ರೊಟ್ಟಿಯ ರುಚಿಯ ಜೊತೆಗೆ ಕಣಕಿಯನ್ನೂ, ಅಂದರೆ ತೆನೆ ತೆಗೆದ ಮೇಲೆ ಮೇವಾಗಿ ಉಳಿಯುವ ದಂಟು-ಎಲೆಯನ್ನೂ, ನೋಡಿದ. ಇಳುವರಿಯೆಂದರೆ ಕಾಳಷ್ಟೇ ಎಂದುಕೊಂಡವರಿಗಿಂತ ಅವನ ಲೆಕ್ಕವೇ ಸರಿ.

ಹಸಿ ಜೋಳದ ಮೇವಿಗಿಂತ ಕಣಕಿ ಸುರಕ್ಷಿತವೂ ಹೌದು. ಎಳೆಯ ಜೋಳ, ಕೊಯ್ದ ಮೇಲೆ ಚಿಗುರಿದ ಕುಳೆ ಮೇಯ್ದು ದನ ಸಾಯುವುದುಂಟು. ಎಲೆಯಲ್ಲಿರುವ ಧುರಿನ್ ಎಂಬ ವಸ್ತು ಒಡೆದಾಗ ಹೈಡ್ರೋಜನ್ ಸಯನೈಡ್ ಹೊರಬೀಳುತ್ತದೆ. ಬಲಿತು ಚೆನ್ನಾಗಿ ಒಣಗಿದ ಕಣಕಿಯಲ್ಲಿ ಈ ಭಯ ಬಹಳ ಕಡಿಮೆ.

ಆದರೆ ಚೆನ್ನಾಗಿ ಒಣಗಬೇಕು. ಹಸಿ ದಂಟು ಕಿತ್ತ ಮೇಲೂ ಉಸಿರಾಡುತ್ತಲೇ ಇರುತ್ತದೆ, ತನ್ನ ಸಕ್ಕರೆಯನ್ನು ತಾನೇ ಸುಡುತ್ತದೆ. ಬೇಗ ಒಣಗಿದಷ್ಟೂ ದನಕ್ಕೆ ಉಳಿಯುವುದು ಹೆಚ್ಚು. ಹಾಗೆಂದು ಬಿಸಿಲಿಗೆ ಬಿಟ್ಟು ಮರೆತರೆ ಎಲೆ ಪುಡಿಯಾಗಿ ಉದುರುತ್ತದೆ. ಸತ್ವ ದಂಟಿಗಿಂತ ಎಲೆಯಲ್ಲೇ ಜಾಸ್ತಿ. ತೇವಾಂಶ ಶೇ. 15ಕ್ಕಿಂತ ಕೆಳಗಿಳಿದ ಮೇಲೆ ಬಣವಿ ಒಟ್ಟಬೇಕು. ಹಸಿಯಾಗಿ ಒಟ್ಟಿದರೆ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಸೇರಿ ಒಳಗೆ ಕಾವೇರಿಸುತ್ತವೆ. ಕಾವು ಸುಮಾರು 70 ಡಿಗ್ರಿ ದಾಟಿದರೆ ಸೂಕ್ಷ್ಮಜೀವಿಗಳ ಕೆಲಸ ಮುಗಿದು ರಾಸಾಯನಿಕ ಕ್ರಿಯೆಯೇ ಮುಂದುವರಿಯುತ್ತದೆ. ಯಾರೂ ಬೆಂಕಿ ಇಡದೆ ಬಣವಿ ಹೊತ್ತಿಕೊಳ್ಳುವುದು ಹೀಗೆ. ಅಕಾಲ ಮಳೆಯಲ್ಲಿ ತೊಯ್ದ ಸೂಡುಗಳನ್ನು ಬಿಚ್ಚಿ ಮತ್ತೆ ಒಣಗಿಸದೆ ಒಟ್ಟಬಾರದು.

ಬಣವಿ ಎಷ್ಟೇ ದೊಡ್ಡದಿರಲಿ, ಕಣಕಿಯೊಂದರಿಂದಲೇ ಹಾಲು ಬರದು. ಅದರಲ್ಲಿ ಪ್ರೋಟೀನು ಶೇ. 3–4ರ ಆಸುಪಾಸು. ದನದ ಮೊದಲ ಹೊಟ್ಟೆಯಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳಿಗೆ ಮೇವಿನಲ್ಲಿ ಶೇ. 7ರಷ್ಟಾದರೂ ಬೇಕು. ತೊಗರಿ ಹೊಟ್ಟು, ಹಿಂಡಿ ಬೆರೆಸುವ ರೂಢಿಯ ಹಿಂದಿನ ವಿಜ್ಞಾನ ಇದೇ. ಇನ್ನೊಂದು ದಾರಿ ಯೂರಿಯಾ ಉಪಚಾರ: 100 ಕಿಲೋ ಕತ್ತರಿಸಿದ ಮೇವಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಪೂರ್ತಿ ಕರಗಿಸಿ ಸಮನಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ 3 ವಾರ ಮುಚ್ಚಿಡುವುದು. ಅಳತೆ ತಪ್ಪಿದರೆ ಇದು ವಿಷ. ಮೊದಲ ಸಲ ಪಶುವೈದ್ಯರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡಿ. ಆರು ತಿಂಗಳೊಳಗಿನ ಕರುಗಳಿಗೆ ಹಾಕಲೇಬೇಡಿ.