ಲಾರಿ ಎಂಜಿನ್ನಿನ ಆಯುಷ್ಯ

ಗುಬ್ಬಿ ತಾಲ್ಲೂಕಿನ ಕಡಬ ಹೋಬಳಿಯಲ್ಲಿ ತೆಂಗು ಅಡಿಕೆಗಳ ತೋಟ ಎಷ್ಟು ಸಹಜವೋ, ಅಲ್ಲೊಂದು ಇಲ್ಲೊಂದು ಮನೆಯ ಮುಂದೆ ಲಾರಿ ನಿಂತಿರುವುದೂ ಅಷ್ಟೇ ಸಹಜ. ಶಿಂಷೆಗೆ ಏರಿ ಹಾಕಿ ಕಟ್ಟಿದ ಕಡಬದ ದೊಡ್ಡ ಕೆರೆಯ ಸುತ್ತಿನ ಸೀಮೆಯಲ್ಲಿ ಬೆಳೆದ ಕಾಯಿ, ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ತಲುಪಬೇಕು. ಗೊಬ್ಬರ, ಸಿಮೆಂಟು, ದಿನಸಿಗಳು ತುಮಕೂರಿನಿಂದ ಬರಬೇಕು. ಮಳೆ ಕೈಕೊಟ್ಟ ವರ್ಷ ಮಕ್ಕಳ ಶಾಲೆಯ ಶುಲ್ಕಕ್ಕೂ ಲಾರಿಯ ಬಾಡಿಗೆಯೇ ಆಧಾರವಾದ ಮನೆಗಳುಂಟು. ಇಂಥ ಲಾರಿ ಹಲವು ವೇಳೆ ಹೊಸತಾಗಿ ಕೊಂಡದ್ದಲ್ಲ. ಬೇರೊಬ್ಬರ ಕೈಯಲ್ಲಿ ನಾಲ್ಕೈದು ಲಕ್ಷ ಕಿಲೋಮೀಟರು ಓಡಿದ ಗಾಡಿಯನ್ನು ಸಾಲ ಮಾಡಿಯೋ, ಮನೆಯಾಕೆಯ ಒಡವೆ ಅಡವಿಟ್ಟೋ ತಂದದ್ದು. ಅದರ ಎಂಜಿನ್ನು ನಡುದಾರಿಯಲ್ಲಿ ಸೀಜ್ ಆದರೆ ರಿಪೇರಿಗೆ ದೊಡ್ಡ ಮೊತ್ತ ಬೇಕು, ಅಷ್ಟು ದಿನ ಬಾಡಿಗೆಯಿಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆದುದರಿಂದ ಇದು ಡ್ರೈವರಿಗೂ ಮೇಸ್ತ್ರಿಗೂ ಸೇರಿದ ವಿಷಯವೆಂದು ಮನೆಯ ಹೆಣ್ಣುಮಕ್ಕಳು ಪುಟ ತಿರುವಬಾರದೆಂದು ವಿನಂತಿ.

ಅಂಬಿಗರ ಚೌಡಯ್ಯನವರಿಗೆ ದೋಣಿ, ನುಲಿಯ ಚಂದಯ್ಯನವರಿಗೆ ಹಗ್ಗದ ಹುಲ್ಲು ಕಾಯಕದ ಸಾಧನಗಳಾಗಿದ್ದವು. ಲಾರಿಯನ್ನು ನಂಬಿದ ಮನೆಗೆ ಲಾರಿಯೂ ಹಾಗೆಯೇ. ಆಯುಧಪೂಜೆಯ ದಿನ ಅದನ್ನು ತೊಳೆದು, ವಿಭೂತಿ ಧರಿಸಿ, ಬಾಳೆಕಂದು ಕಟ್ಟಿ, ನಿಂಬೆಹಣ್ಣು ತುಳಿಸುವುದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ಉಳಿದ ಮುನ್ನೂರ ಅರವತ್ತನಾಲ್ಕು ದಿನಗಳ ಮಾತು ಬೇರೆ.

ಎಂಜಿನ್ನಿನ ವಯಸ್ಸನ್ನು ಮೀಟರಿನ ಅಂಕಿಯಿಂದ ಅಳೆಯುವ ಅಭ್ಯಾಸ ಎಲ್ಲೆಡೆ ಇದೆ. ಅದು ಅರ್ಧ ಸತ್ಯ. ತುಮಕೂರಿನಿಂದ ಪುಣೆಗೆ ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಓಡುವ ಲಾರಿಯ ಐದು ಲಕ್ಷ ಕಿಲೋಮೀಟರು ಬೇರೆ. ಕಲ್ಲುಕ್ವಾರಿಯ ಧೂಳಿನಲ್ಲಿ ಹತ್ತಿ ಇಳಿದು, ಗಂಟೆಗಟ್ಟಲೆ ಎಂಜಿನ್ ಆರಿಸದೆ ಸರದಿಯಲ್ಲಿ ನಿಲ್ಲುವ ಟಿಪ್ಪರಿನ ಎರಡು ಲಕ್ಷ ಬೇರೆ. ನಿಂತಲ್ಲೇ ಉರಿದ ಗಂಟೆಗಳನ್ನು ಕಿಲೋಮೀಟರಿನ ಮೀಟರು ಎಣಿಸುವುದಿಲ್ಲ. ತಣ್ಣಗಿರುವ ಎಂಜಿನ್ನನ್ನು ಪದೇ ಪದೇ ಸ್ಟಾರ್ಟ್ ಮಾಡಿದಾಗ ಆಗುವ ಸವೆತವೂ ಅಂಕಿಯಲ್ಲಿ ಕಾಣದು. ಕಾರ್ಖಾನೆಯವರು ‘ಇಷ್ಟು ಲಕ್ಷ ಆಯುಷ್ಯ’ ಎನ್ನುವಾಗ ಅನೇಕ ವೇಳೆ ಬಳಸುವ ಅಳತೆಗೆ ಬಿ-೧೦ ಎಂದು ಹೆಸರು. ನೂರು ಎಂಜಿನ್ನುಗಳಲ್ಲಿ ಹತ್ತು ಅಷ್ಟರೊಳಗೇ ದೊಡ್ಡ ರಿಪೇರಿಗೆ ಬರುತ್ತವೆ, ತೊಂಬತ್ತು ಅದನ್ನು ದಾಟುತ್ತವೆ ಎಂದು ಅದರ ಅರ್ಥ. ನಮ್ಮ ಲಾರಿ ಆ ಹತ್ತರಲ್ಲಿ ಸೇರುವುದೋ ತೊಂಬತ್ತರಲ್ಲಿ ಸೇರುವುದೋ ಎಂಬುದು ಬಹುಮಟ್ಟಿಗೆ ಅದರೊಳಗೆ ಹೋಗುವ ಗಾಳಿ, ನೀರು, ಎಣ್ಣೆಗಳ ಮೇಲೆ ನಿಂತಿದೆ.

ಗಾಳಿಯ ಮಾತು ಮೊದಲು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು ಹದಿನೆಂಟು ಪಟ್ಟು ಒತ್ತಿದಾಗ ಹುಟ್ಟುವ ಕಾವಿನಲ್ಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಗಾಳಿಯ ಜೊತೆ ಮಣ್ಣಿನ ಹುಡಿ ಒಳಹೊಕ್ಕರೆ ರಿಂಗೂ ಲೈನರೂ ಉಪ್ಪುಕಾಗದ ಉಜ್ಜಿದಂತೆ ಸವೆದು ಒತ್ತಡ ಸೋರುತ್ತದೆ. ಮುಂಜಾನೆ ಗಾಡಿ ಸ್ಟಾರ್ಟ್ ಆಗದು, ಏರಿನಲ್ಲಿ ಎಳೆಯದು. ಏರ್ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಸಾಲದು. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರುಕುಬಿಟ್ಟಿದ್ದರೆ, ಕ್ಲಿಪ್ಪು ಸಡಿಲವಾಗಿದ್ದರೆ, ಹೊಸ ಫಿಲ್ಟರಿಗೆ ಕೊಟ್ಟ ಹಣ ಮಣ್ಣುಪಾಲೇ ಸರಿ. ಎರಡು ರೂಪಾಯಿ ಉಳಿಸಲು ಕ್ಲಿಪ್ಪಿನ ಬದಲು ತಂತಿ ಬಿಗಿದ ಲಾರಿಗಳು ನಮ್ಮ ರಸ್ತೆಗಳಲ್ಲಿ ಕಡಿಮೆಯಿಲ್ಲ.

ನಮ್ಮ ಸೀಮೆಯವರು ಹೆಚ್ಚು ಎಚ್ಚರ ವಹಿಸಬೇಕಾದದ್ದು ನೀರಿನಲ್ಲಿ. ತುಮಕೂರು ಜಿಲ್ಲೆಯ ಕೊಳವೆಬಾವಿಗಳ ನೀರು ಹಲವೆಡೆ ಗಡಸು. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕೂರುವುದನ್ನು ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ. ಅದೇ ಪದರ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಸಿಲಿಂಡರುಗಳ ಸುತ್ತಲೂ ಕಟ್ಟುತ್ತದೆ. ಕಾವು ಹೊರಹೋಗಲು ದಾರಿಯಿಲ್ಲದೆ ಎಂಜಿನ್ ಕಾಯುತ್ತದೆ, ಹೆಡ್ ಗ್ಯಾಸ್ಕೆಟ್ಟು ಸುಡುತ್ತದೆ. ಬೇಸಿಗೆಯಲ್ಲಿ ಗೇಜಿನ ಮುಳ್ಳು ಮೇಲೇರಿದಾಗ ದಾರಿಬದಿಯ ಬೋರ್‌ವೆಲ್ಲಿನಿಂದ ಒಂದು ಕೊಡ ನೀರು ಸುರಿದು ಮುಂದಕ್ಕೆ ಹೋಗುವುದು ಡ್ರೈವರುಗಳ ರೂಢಿ. ತುರ್ತಿಗೆ ಹಾಗೆ ಮಾಡಿದರೂ ಮನೆಗೆ ಬಂದೊಡನೆ ಅದನ್ನು ಹರಿಸಿ, ಕಾರ್ಖಾನೆಯವರು ಹೇಳಿದ ಕೂಲಂಟನ್ನು ಹೇಳಿದ ಪ್ರಮಾಣದಲ್ಲಿ ತುಂಬಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಯಾವ ತುರ್ತಿಗೂ ತೆರೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಕೂಲಂಟು ಚಳಿ ದೇಶದವರಿಗೆ ಬೇಕಾದದ್ದು, ಕಡಬದ ಬಿಸಿಲಿಗೇಕೆ ಎಂದು ಕೇಳುವವರಿದ್ದಾರೆ. ಉತ್ತರ ಎಂಜಿನ್ನಿನ ಒಳಗಿದೆ. ಲೈನರಿಗೆ ನೀರು ನೇರವಾಗಿ ತಾಗುವ ಎಂಜಿನ್ನುಗಳಲ್ಲಿ ಪ್ರತಿ ಸಲ ಡೀಸೆಲ್ ಹೊತ್ತಿದಾಗಲೂ ಲೈನರು ಗಂಟೆಯಂತೆ ನಡುಗುತ್ತದೆ. ಆ ನಡುಕಕ್ಕೆ ನೀರಿನಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ ಲೈನರಿನ ಹೊರಮೈಮೇಲೆ ಒಡೆಯುತ್ತವೆ. ಒಡೆದಲ್ಲೆಲ್ಲ ಕಬ್ಬಿಣದ ಕಣ ಕಿತ್ತುಬರುತ್ತದೆ. ಲಕ್ಷಾಂತರ ಕಿಲೋಮೀಟರು ಕಳೆಯುವಷ್ಟರಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ನೀರು ಎಣ್ಣೆಯೊಳಕ್ಕೆ ಇಳಿಯಬಹುದು. ಕೂಲಂಟಿನಲ್ಲಿರುವ ರಾಸಾಯನಿಕಗಳು ಲೈನರಿನ ಮೈಮೇಲೆ ತೆಳುವಾದ ರಕ್ಷಣೆಯ ಪದರ ಕಟ್ಟಿ ಇದನ್ನು ತಡೆಯುತ್ತವೆ.

ಇನ್ನೊಂದು ಕೆಟ್ಟ ರೂಢಿ, ಎಂಜಿನ್ ಕಾಯುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವುದು. ಕಾಯಲು ಕಾರಣ ಕಟ್ಟಿಕೊಂಡ ರೇಡಿಯೇಟರೋ ಸವೆದ ನೀರಿನ ಪಂಪೋ ಇರುತ್ತದೆ. ಶಿಕ್ಷೆ ಮಾತ್ರ ಥರ್ಮೋಸ್ಟಾಟಿಗೆ. ಅದಿಲ್ಲದ ಎಂಜಿನ್ನು ಹದವಾದ ಕಾವಿಗೆ ಬರಲು ತಡವಾಗುತ್ತದೆ, ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿಯುತ್ತದೆ. ಕಾವು ಹೆಚ್ಚಾದರೆ ಹೇಗೆ ಕೇಡೋ ಕಡಿಮೆಯಾದರೂ ಹಾಗೆಯೇ ಕೇಡು.

ಎಂಜಿನ್ ಆಯಿಲ್ಲಿನ ವಿಷಯದಲ್ಲಿ ಹಳಬರ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಬೇಕಾಗಿಲ್ಲ. ೧೯೯೦ರ ದಶಕದ ಆರಂಭದಲ್ಲಿ ಡೀಸೆಲ್ಲಿನಲ್ಲಿ ನೂರಕ್ಕೆ ಒಂದು ಪಾಲಿನವರೆಗೂ ಗಂಧಕವಿರುತ್ತಿತ್ತು. ಅದು ಉರಿದು ಹುಟ್ಟುವ ಆಮ್ಲವನ್ನು ತಣಿಸುವುದರಲ್ಲೇ ಆಯಿಲ್ಲಿನ ಶಕ್ತಿ ಕ್ಷೀಣಿಸುತ್ತಿದ್ದುದರಿಂದ ಬೇಗ ಬೇಗ ಬದಲಿಸಬೇಕಾಗುತ್ತಿತ್ತು. ೨೦೨೦ರ ಏಪ್ರಿಲ್ ೧ರಿಂದ ದೇಶದಲ್ಲೆಲ್ಲ ಸಿಗುವ ಡೀಸೆಲ್ಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ ಹತ್ತು ಪಾಲು ಮಾತ್ರ. ಹೊಸ ಲಾರಿಗಳಿಗೆ ನಲವತ್ತು ಸಾವಿರ ಕಿಲೋಮೀಟರಿಗೂ ಮೀರಿದ ಅವಧಿಯನ್ನು ತಯಾರಕರು ಹೇಳುತ್ತಿರುವುದಕ್ಕೆ ಇದೂ ಒಂದು ಕಾರಣ. ಆದರೆ ಆ ಮಾತು ಅವರು ಹೇಳಿದ ದರ್ಜೆಯ ಆಯಿಲ್ಲಿಗೆ, ಆ ಎಂಜಿನ್ನಿಗೆ ಮಾತ್ರ ಸಲ್ಲುತ್ತದೆ. ಅದನ್ನು ಕೇಳಿ ಇಪ್ಪತ್ತು ವರ್ಷದ ಗಾಡಿಗೆ ಬಿಡಿಯಾಗಿ ಸಿಕ್ಕ ಆಯಿಲ್ ಹಾಕಿ ನಲವತ್ತು ಸಾವಿರ ಓಡಿಸುವುದು ಅವಿವೇಕ. ಭಾರತ್ ಸ್ಟೇಜ್ ೬ರ ಲಾರಿಗಳಿಗೆ ಬೂದಿಯಂಶ ಕಡಿಮೆಯಿರುವ ಆಯಿಲ್ಲೇ ಬೇಕು. ಇಲ್ಲವಾದರೆ ಹೊಗೆಕೊಳವೆಯಲ್ಲಿರುವ ಮಸಿ ತಡೆಯುವ ಫಿಲ್ಟರು ಕಟ್ಟಿಕೊಳ್ಳುತ್ತದೆ.

ಡೀಸೆಲ್ ಫಿಲ್ಟರಿನ ಕೆಳಗೆ ಸೇರಿದ ನೀರನ್ನು ಬೆಳಿಗ್ಗೆ ಹರಿಸಿಬಿಡುವುದಕ್ಕೆ ಎರಡು ನಿಮಿಷ ಸಾಕು. ಭಾರ ಎಳೆದು ಬಂದ ಟರ್ಬೊ ಎಂಜಿನ್ನನ್ನು ತಕ್ಷಣ ಆರಿಸದೆ ಎರಡು ಮೂರು ನಿಮಿಷ ನಿಧಾನಗತಿಯಲ್ಲಿ ಬಿಟ್ಟರೆ ಟರ್ಬೊದ ಬೇರಿಂಗು ಉಳಿಯುತ್ತದೆ.

ಮನೆಯವರು ವಹಿಸಿಕೊಳ್ಳಬಹುದಾದ ಕೆಲಸ ಲೆಕ್ಕದ್ದು. ಗದಗಿನ ಮುದ್ರಣದ ಮನೆತನದಿಂದ ಬಂದ ಶ್ರೀ ವಿಜಯ ಸಂಕೇಶ್ವರರು ೧೯೭೬ರಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ಉದ್ಯಮ ಇಂದು ವಿ.ಆರ್.ಎಲ್. ಎಂದು ದೇಶಕ್ಕೇ ಪರಿಚಿತ. ಹುಬ್ಬಳ್ಳಿಯ ಬಳಿಯ ವರೂರಿನಲ್ಲಿ ಆ ಸಂಸ್ಥೆ ತನ್ನದೇ ದುರಸ್ತಿ ಶಾಲೆಯನ್ನು ಇಟ್ಟುಕೊಂಡಿದೆ. ನಮ್ಮ ರಾಜ್ಯ ರಸ್ತೆ ಸಾರಿಗೆ ನಿಗಮವು ೨೦೨೨ರಿಂದೀಚೆಗೆ ಬೆಂಗಳೂರು, ಹಾಸನಗಳ ಕಾರ್ಯಾಗಾರಗಳಲ್ಲಿ ಹಲವು ಲಕ್ಷ ಕಿಲೋಮೀಟರು ಓಡಿದ ನೂರಾರು ಹಳೆಯ ಬಸ್ಸುಗಳನ್ನು ಪುನಃ ಸಜ್ಜುಗೊಳಿಸಿ ರಸ್ತೆಗಿಳಿಸಿದೆ. ಅಂಥ ಶಾಲೆ ಒಂದು ಲಾರಿಯ ಮನೆಗೆ ಸಾಧ್ಯವಿಲ್ಲ. ಆದರೆ ಲೀಟರಿಗೆ ಎಷ್ಟು ಕಿಲೋಮೀಟರು ಬಂತೆಂದು ಪ್ರತಿ ಬಸ್ಸಿಗೂ ನಿಗಮದ ಡಿಪೋಗಳಲ್ಲಿ ಇಡುವ ಲೆಕ್ಕ ಒಂದು ಇಪ್ಪತ್ತು ರೂಪಾಯಿಯ ನೋಟುಪುಸ್ತಕದಲ್ಲಿ ಸಾಧ್ಯ. ಪ್ರತಿ ಸಲ ಹಾಕಿಸಿದ ಡೀಸೆಲ್, ಆಗಿನ ಮೀಟರು, ಮೇಲುಹೊಯ್ದ ಆಯಿಲ್, ಬದಲಿಸಿದ ಫಿಲ್ಟರು, ಇಷ್ಟನ್ನೇ ಬರೆದಿಟ್ಟರೆ ಸಾಕು. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರು ಕುಡಿಯುತ್ತಿದ್ದ ಎಂಜಿನ್ನು ಎರಡು ಲೀಟರಿಗೆ ಬಂತೆಂದರೆ ರಿಂಗುಗಳು ಮಾತನಾಡುತ್ತಿವೆ. ಆಯಿಲ್ ಕಡಿಮೆಯಾಗುವ ಬದಲು ಕಡ್ಡಿಯಲ್ಲಿ ಮೇಲೇರಿದರೆ ಇನ್ನೂ ಅಪಾಯ: ಡೀಸೆಲ್ಲೋ ನೀರೋ ಸೇರುತ್ತಿದೆ. ಮಜ್ಜಿಗೆಯ ಬಣ್ಣಕ್ಕೆ ತಿರುಗಿದರೆ ಅದು ನೀರೇ. ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು. ಹೊಗೆ ಕಪ್ಪಾದರೆ ಗಾಳಿ ಸಾಲದು ಅಥವಾ ನಾಜಲ್ ಕೆಟ್ಟಿದೆ, ನೀಲಿಯಾದರೆ ಆಯಿಲ್ ಉರಿಯುತ್ತಿದೆ.

ಲೆಕ್ಕವಿಲ್ಲದ ಮನೆಯಲ್ಲಿ ಎಂಜಿನ್ ಬಿಚ್ಚುವ ನಿರ್ಣಯ ಮೇಸ್ತ್ರಿಯ ಬಾಯಿಯಲ್ಲಿರುತ್ತದೆ. ಎಳೆಯುವುದಿಲ್ಲ ಎಂದೊಡನೆ ಬೋರಿಂಗಿಗೆ ಒಪ್ಪಬಾರದು. ಮೊದಲು ನಾಜಲ್, ಟ್ಯಾಪೆಟ್, ಫಿಲ್ಟರು, ಟರ್ಬೊ ಕೊಳವೆಗಳನ್ನು ನೋಡಿಸಿ, ಆಮೇಲೆ ಪ್ರತಿ ಸಿಲಿಂಡರಿನ ಕಂಪ್ರೆಶನ್ ಅಳೆಯಿಸಬೇಕು. ಬಿಚ್ಚಲೇಬೇಕಾದರೆ ಅರ್ಧ ಕೆಲಸ ಬೇಡ. ಹಳೆಯ ಲೈನರಿಗೆ ಹೊಸ ರಿಂಗು ಹಾಕಿ ಒಂದು ವರ್ಷ ತಳ್ಳುವ ಲೆಕ್ಕ ಬಹಳ ಸಲ ದುಬಾರಿಯಾಗುತ್ತದೆ. ಲೈನರ್ ಇರುವ ಎಂಜಿನ್ನಾದರೆ ಹೊಸ ಲೈನರು ಕೂರಿಸಬಹುದು. ಕಮಿನ್ಸ್ ಬಿ ಶ್ರೇಣಿಯಂತೆ ಬ್ಲಾಕಿನಲ್ಲೇ ಸಿಲಿಂಡರ್ ಕೊರೆದದ್ದಾದರೆ ಲೇತಿನಲ್ಲಿ ಕೊರೆದು ದಪ್ಪ ಪಿಸ್ಟನ್ ಹಾಕಬೇಕಾಗುವುದರಿಂದ ಲೇತಿನವರ ಕೈಗುಣ ನೋಡಿಯೇ ಒಪ್ಪಿಸಬೇಕು. ಕೆಲಸದ ಮೊತ್ತ ಲಾರಿಯ ಮಾರಾಟದ ಬೆಲೆಯ ಅರ್ಧಕ್ಕೆ ಹತ್ತಿರವಾಗಿ, ಚಾಸಿ, ಗೇರುಪೆಟ್ಟಿಗೆಗಳೂ ಸೋತಿದ್ದರೆ, ಎಫ್.ಸಿ. ಖರ್ಚನ್ನೂ ಸೇರಿಸಿ ನೋಡಿ ಕೊಟ್ಟುಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಹಳೆಯ ಲಾರಿ ಕೊಳ್ಳಲು ಹೊರಟವರು ಬೆಳಗಿನ ಹೊತ್ತಿನಲ್ಲೇ ಹೋಗಬೇಕು. ಮಾತಿಗೆ ಕೂರುವ ಮೊದಲು ಬಾನೆಟ್ಟಿನ ಬಳಿ ನಿಂತು ರೇಡಿಯೇಟರನ್ನು ಮೆಲ್ಲಗೆ ಮುಟ್ಟಿ ನೋಡಿ, ತಣ್ಣಗಿದ್ದರೆ ಸ್ಟಾರ್ಟ್ ಮಾಡಲು ಹೇಳಿ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿದರೆ ಹೊಗೆ ಬುಸುಬುಸನೆ ಹೊರಬರುತ್ತಿದೆಯೋ ನೋಡಿ. ಬರುತ್ತಿದ್ದರೆ ಒಳಗಿನ ಒತ್ತಡ ರಿಂಗುಗಳನ್ನು ದಾಟಿ ಸೋರುತ್ತಿದೆ. ರೇಡಿಯೇಟರು ಮೊದಲೇ ಬೆಚ್ಚಗಿದ್ದರೆ, ನೀವು ಬರುವ ಮುಂಚೆ ಯಾರೋ ಎಂಜಿನ್ ಓಡಿಸಿ ಕಾಯಿಸಿಟ್ಟಿದ್ದಾರೆ. ಚಹಾ ಕುಡಿದು, ನಮಸ್ಕಾರ ಹೇಳಿ ಬನ್ನಿ. ಇನ್ನೊಂದು ದಿನ ಹೇಳದೆ ಹೋಗಿ ನೋಡಿ.