ಲಕ್ಕಮ್ಮನ ಅಕ್ಕಿಯೂ ನನ್ನ ಶಾಲೆಯ ಅಕ್ಕಿಯೂ

ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಹೋಗುವವನಿಗೆ ಆಲೋಚನೆಗೆ ಬೇಕಾದಷ್ಟು ಬಿಡುವು ದೊರೆಯುತ್ತದೆ. ಸಸ್ತಾಪುರ ಬಂಗ್ಲಾದ ಬಳಿ ಹೆದ್ದಾರಿಯನ್ನು ಸೇರಿ, ರಾಜೇಶ್ವರವನ್ನು ದಾಟಿ ಸಾಗುವ ಸುಮಾರು 30 ಕಿಲೋಮೀಟರಿನ ಈ ದಾರಿಯಲ್ಲಿ ನಾನು ಹನ್ನೊಂದು ವರ್ಷ ಓಡಾಡಿದ್ದೇನೆ. ಮನೆ ಕಲ್ಯಾಣದಲ್ಲಿ; ಕೆಲಸ ಹುಮನಾಬಾದ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ಮುಖ್ಯೋಪಾಧ್ಯಾಯನಾಗಿ. ನಿವೃತ್ತನಾದ ಮೇಲೆ ಹಿಂದಿರುಗಿ ನೋಡಿದರೆ, ಆ ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕುಳಿತು ಮನಸ್ಸಿನೊಳಗೇ ನಾನು ಮಾಡಿದ ಭಾಷಣಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಬಹುಪಾಲು ಸಹೋದ್ಯೋಗಿಗಳನ್ನು ಕುರಿತ ಬೈಗುಳಗಳೇ ಎಂದು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ. ಜೊತೆಯಲ್ಲಿ ದುಡಿಯುವವನ ತಪ್ಪನ್ನು ಅವನ ಎದುರಿಗೆ ಹೇಳುವುದು ಕಷ್ಟ. ಹೇಳದೆ ಬಿಟ್ಟರೆ ಕೆಲಸ ಕೆಡುತ್ತದೆ. ಹೇಳಬಾರದ ರೀತಿಯಲ್ಲಿ ಹೇಳಿದರೆ ಮನುಷ್ಯನೇ ಕೆಡುತ್ತಾನೆ.

ನಮ್ಮ ಕಡೆಯ ಶಾಲೆಗಳಲ್ಲಿ ಅಕ್ಷರ ದಾಸೋಹ ಪ್ರಾರಂಭವಾದುದು 2002ರಲ್ಲಿ. ಒಂದರಿಂದ ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಮೇಲಿನ ತರಗತಿಯವರಿಗೆ 150 ಗ್ರಾಂ. ಲೆಕ್ಕ ಸುಲಭವಾದುದೇ. ಆದರೆ ಮಳೆಗಾಲದ ಒಂದು ಶನಿವಾರ ಸಂಜೆ ದಾಸ್ತಾನು ಪುಸ್ತಕವನ್ನು ಮುಂದಿಟ್ಟುಕೊಂಡು ನೋಡಿದಾಗ, ಪುಸ್ತಕದಲ್ಲಿ ಇದ್ದುದಕ್ಕಿಂತ ಕೋಣೆಯಲ್ಲಿ 18 ಕಿಲೋ ಕಡಿಮೆಯಾಗಿತ್ತು. 18 ಕಿಲೋ ಎಂದರೆ ಮೇಲಿನ ತರಗತಿಯ 120 ಮಕ್ಕಳ ಒಂದು ಹೊತ್ತಿನ ಅನ್ನ. ದಾಸ್ತಾನಿನ ಹೊಣೆ ಹೊತ್ತಿದ್ದವರು ನನಗಿಂತ ಹತ್ತು ವರ್ಷ ಕಿರಿಯರಾದ, ಮಿತಭಾಷಿಗಳಾದ ಒಬ್ಬ ಸಹಶಿಕ್ಷಕರು. ಅವರು ಆಗಲೇ ಮನೆಗೆ ಹೋಗಿದ್ದರು. ಮಿತಭಾಷಿಗಳ ಮೇಲೆ ಅನುಮಾನ ಬೇಗ ಹುಟ್ಟುತ್ತದೆ, ಏಕೋ.

ಮರುದಿನ ಭಾನುವಾರ. ಸಂಜೆ ತ್ರಿಪುರಾಂತಕ ಕೆರೆಯ ಕಡೆಗೆ ಹೊರಟು, ಅನುಭವ ಮಂಟಪದ ಬಳಿ ಕುಳಿತೆ. ಅಕ್ಕಿಯ ಲೆಕ್ಕವನ್ನು ತಲೆಯಲ್ಲಿ ಹೊತ್ತು ಆ ಜಾಗಕ್ಕೆ ಹೋದವನಿಗೆ ಆಯ್ದಕ್ಕಿಯ ದಂಪತಿಗಳು ನೆನಪಾಗದೆ ಇರುವರೆ?

ಮಾರಯ್ಯ, ಲಕ್ಕಮ್ಮ ಇಬ್ಬರೂ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ಅವರ ದಾಸೋಹ. ಒಂದು ದಿನ ಮಾರಯ್ಯ ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತುಬಿಟ್ಟ. ಕಾಯಕದ ವೇಳೆ ಮೀರುತ್ತಿದೆಯೆಂದು ಲಕ್ಕಮ್ಮ ನೆನಪು ಮಾಡಿಕೊಟ್ಟಳು. ಅವನು ಅವಸರದಿಂದ ಓಡಿಹೋಗಿ, ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಬಳಿದು ತಂದ. ಗಂಡ ಹೆಚ್ಚು ತಂದುದಕ್ಕೆ ಸಂತೋಷಪಡುವ ಹೆಂಡತಿಯರೇ ಲೋಕದಲ್ಲಿ ಹೆಚ್ಚು. ಲಕ್ಕಮ್ಮ ಅಕ್ಕಿಯನ್ನು ನೋಡಿದಳು. ಇಷ್ಟು ಬಂದುದು ನಿಮ್ಮ ಮನಸ್ಸಿನಿಂದಲೋ, ಇಲ್ಲವೆ ಬಸವಣ್ಣನವರ ಮನಸ್ಸಿನ ಅನುಮಾನದಿಂದಲೋ ಎಂದು ಕೇಳಿದಳು. ನಮಗೆ ನಿತ್ಯದ ಅಳತೆ ಸಾಕು, ಇದನ್ನು ಅಲ್ಲಿಯೇ ಸುರಿದು ಬನ್ನಿ ಎಂದಳು.

ಈ ಕಥೆಯನ್ನು ನಿರ್ಲೋಭದ ಪಾಠವೆಂದು ನಾನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೆ. ಅದು ಮಾತಿನ ಪಾಠವೂ ಹೌದೆಂಬುದು ಹೊಳೆದುದು ಆ ಸಂಜೆ. ಆಕೆಯ ಕಣ್ಣು ಮೊದಲು ಬಿದ್ದುದು ಅಕ್ಕಿಯ ಮೇಲೆ, ಮನುಷ್ಯನ ಮೇಲಲ್ಲ. ನೀನು ಆಸೆಬುರುಕ ಎಂದು ತೀರ್ಪು ಕೊಡಲಿಲ್ಲ, ಪ್ರಶ್ನೆ ಕೇಳಿದಳು. ಆ ಪ್ರಶ್ನೆಗೆ ಎರಡು ಉತ್ತರಗಳಿಗೆ ಎಡೆಯಿತ್ತು, ಅವುಗಳಲ್ಲಿ ಒಂದರ ಪ್ರಕಾರ ತಪ್ಪು ಗಂಡನದೇ ಅಲ್ಲ. ಕೊನೆಗೆ ಹೇಳಿದ ಪರಿಹಾರವಾದರೋ ಕಾಲಿಗೆ ಎಟುಕುವಷ್ಟು ಹತ್ತಿರದ್ದು: ಹೋಗಿ ಸುರಿದು ಬಂದರೆ ಮುಗಿಯಿತು. ಹೀಗೆ ತಿದ್ದಿದ ಹೆಂಗಸು ತನ್ನ ವಚನಗಳ ಅಂಕಿತದಲ್ಲಿ ಇಟ್ಟುಕೊಂಡ ಹೆಸರು ಯಾವುದು? ಮಾರಯ್ಯಪ್ರಿಯ ಅಮರೇಶ್ವರಲಿಂಗ. ತಿದ್ದಿಸಿಕೊಂಡವನ ಹೆಸರೇ ಅಲ್ಲಿ ಮೊದಲು ಬರುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಶರಣರ ಕಥೆಯಲ್ಲೇ ಉಂಟು ಎಂದು ಬಲ್ಲವರು ಹೇಳಬಹುದು. ನನ್ನ ಬಸ್ಸು ಓಡುವ ಹೆದ್ದಾರಿಯೇ ಪಶ್ಚಿಮಕ್ಕೆ ಸೊಲ್ಲಾಪುರಕ್ಕೆ, ಅಂದರೆ ಹಿಂದಿನ ಸೊನ್ನಲಿಗೆಗೆ ಹೋಗುತ್ತದೆ. ಅಲ್ಲಿ ಕೆರೆ ತೋಡಿಸುತ್ತಿದ್ದ ಸಿದ್ಧರಾಮನನ್ನು ಅವನ ಕೆಲಸದವರ ಮುಂದೆಯೇ ಅಲ್ಲಮ ಹಂಗಿಸಿದನೆಂದೂ, ಅವರು ಕಲ್ಲೆಸೆದರೆಂದೂ ಶೂನ್ಯಸಂಪಾದನೆಯಲ್ಲಿದೆ. ಕಟುವಾಕ್ಯ ಅಲ್ಲಿ ಫಲಿಸಿತು. ಸಿದ್ಧರಾಮ ಕಲ್ಯಾಣಕ್ಕೆ ಬಂದ. ಆದರೆ ಆಡಿದವನು ಅಲ್ಲಮ, ಕೇಳಿದವನು ಸಿದ್ಧರಾಮ. ನಾವು ಮುಖ್ಯೋಪಾಧ್ಯಾಯರು ಒಬ್ಬೊಬ್ಬರೂ ನಮ್ಮನ್ನು ಅಲ್ಲಮನೆಂದೇ ಭಾವಿಸಿಕೊಳ್ಳುವುದರಿಂದ ತೊಂದರೆ!

ನಾನೂ ಒಮ್ಮೆ ಹಾಗೆ ಭಾವಿಸಿಕೊಂಡಿದ್ದೆ. ಅದಕ್ಕೆ ನಾಲ್ಕು ವರ್ಷಗಳ ಹಿಂದೆ, ಮೂರು ದಿನ ತಡವಾಗಿ ಬಂದ ಒಬ್ಬ ತರುಣ ಶಿಕ್ಷಕನನ್ನು, ಎಲ್ಲ ಶಿಕ್ಷಕರೂ ಕುಳಿತಿರುವಾಗ, ಬಾಗಿಲಲ್ಲಿ ಮಕ್ಕಳು ಇಣುಕುತ್ತಿರುವಾಗ, ಹಾಜರಿ ಪುಸ್ತಕವನ್ನು ಎತ್ತಿ ಹಿಡಿದು ವಿಚಾರಿಸಿದೆ. ಅವನು ಮಾತಾಡಲಿಲ್ಲ. ಆ ವರ್ಷವೇ ವರ್ಗ ಮಾಡಿಸಿಕೊಂಡು ಹೋದ. ಬೀದರಿನ ಆಸ್ಪತ್ರೆಯೊಂದರಲ್ಲಿ ತಾಯಿಯ ಬಳಿ ರಾತ್ರಿ ಕಳೆದು ಬೆಳಗಿನ ಬಸ್ಸಿಗೆ ಓಡಿಬರುತ್ತಿದ್ದನೆಂಬುದು ಅವನು ಹೋದ ಮೇಲೆ ನನಗೆ ತಿಳಿಯಿತು. ಕಾರಣವೇನೆಂದು ನಾನು ಕೇಳಿರಲೇ ಇಲ್ಲ.

ಸೋಮವಾರ ಶಾಲೆ ಬಿಟ್ಟು ಮಕ್ಕಳೂ ಉಳಿದ ಶಿಕ್ಷಕರೂ ಹೋಗುವವರೆಗೆ ಸುಮ್ಮನಿದ್ದೆ. ಆಮೇಲೆ ದಾಸ್ತಾನಿನ ಶಿಕ್ಷಕರನ್ನು ನನ್ನ ಮೇಜಿನ ಮುಂದೆ ನಿಲ್ಲಿಸಿಕೊಳ್ಳದೆ, ಪುಸ್ತಕ ಹಿಡಿದು ನಾನೇ ಉಗ್ರಾಣದ ಕೋಣೆಗೆ ಹೋದೆ. ಇಬ್ಬರೂ ಚೀಲಗಳ ಮೇಲೆ ಕುಳಿತೆವು.

“ಮಾಸ್ತರೆ, ಪುಸ್ತಕಕ್ಕೂ ಕೋಣೆಗೂ 18 ಕಿಲೋ ಫರಕ್ ಬರ್ತದ. ನನ್ನ ಲೆಕ್ಕ ತಪ್ಪಿರಬಹುದು. ಕೂಡಿ ತೂಕ ಮಾಡೋಣೇನ್ರಿ?”

ಅವರ ಮುಖ ಬಿಳಿಚಿಕೊಂಡಿತು. ಉತ್ತರ ಬರಲಿಲ್ಲ. ಆ ಮೌನದಲ್ಲಿ, ಬಸ್ಸಿನಲ್ಲಿ ಸಿದ್ಧಪಡಿಸಿದ್ದ ಭಾಷಣವೆಲ್ಲ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿಕೊಂಡು ಕುಳಿತ ಆ ಒಂದು ನಿಮಿಷದಷ್ಟು ಕಷ್ಟದ ಕೆಲಸವನ್ನು ನಾನು ಶಾಲೆಯಲ್ಲಿ ಇನ್ನಾವುದನ್ನೂ ಮಾಡಿಲ್ಲ.

“ಸರ, ನಾ ಮೊದಲೇ ಹೇಳ್ಬೇಕಂತಿದ್ದೆ ರಿ. ಅಂಜಿಕಿ ಬಂತು.”

“ಯಾಕ್ರಿ ಅಂಜಿಕಿ?”

“ಹಾಜರಿ ಪುಸ್ತಕ ಹಿಡಿದು ಆ ಮಾಸ್ತರಿಗೆ ನೀವು ಅಂದಿದ್ದು, ನಾನೂ ಅಲ್ಲೇ ಕುಂತು ಕೇಳಿದ್ದೆ ರಿ.”

ಕೋಣೆಯ ಮೂಲೆಯಲ್ಲಿ ತಗಡು ಸೋರಿ ಒಂದು ಚೀಲದ ತಳ ನೆನೆದಿತ್ತು. ಬೂಷ್ಟು ಹಿಡಿದ 12 ಕಿಲೋವನ್ನು ಅಡುಗೆಯವರು ತೆಗೆದು ತಿಪ್ಪೆಗೆ ಹಾಕಿದ್ದರು. ಅದನ್ನು ಪುಸ್ತಕದಲ್ಲಿ ಬರೆದರೆ ನಾನು ಏನೆನ್ನುವೆನೋ ಎಂದು ಇವರು ಬರೆದಿರಲಿಲ್ಲ. ಎರಡು ವಾರಗಳಿಂದ ನಿದ್ರೆಯಿಲ್ಲವೆಂದರು. ಶನಿವಾರ ನಾನು ಬಾಯಿ ಬಿಚ್ಚಿದ ಚೀಲಗಳನ್ನಷ್ಟೇ ತೂಗಿ, ಹೊಲಿಗೆ ಬಿಚ್ಚದ ಒಂದೇ ಚೀಲವನ್ನು 50 ಕಿಲೋ ಎಂದೇ ಹಿಡಿದಿದ್ದೆ. ಈಗ ಅದನ್ನೂ ತೂಗಿದೆವು. 48 ಕಿಲೋ! ಕೊರತೆ 18 ಹೋಗಿ 20 ಆಯಿತು. ಮುಗಿದ ಚೀಲಗಳು ಎಷ್ಟೆಷ್ಟು ತೂಗಿದ್ದವೋ ಯಾರು ಹೇಳಬೇಕು?

ಪುಸ್ತಕ ತೆರೆದು ನಾನೇ ಬರೆದೆ: ನೆನೆದು ಕೆಟ್ಟದ್ದು 12, ಚೀಲದಲ್ಲಿ ಕಡಿಮೆ ಬಂದದ್ದು 2, ಉಳಿದ 6ಕ್ಕೆ ಕಾರಣ ತಿಳಿಯದು. ಸಹಿ ಹಾಕಿ ಅವರ ಮುಂದೆ ಇಟ್ಟೆ. ಅವರು ಓದಿದರು, ಲೇಖನಿಯನ್ನು ತೆಗೆದುಕೊಳ್ಳಲಿಲ್ಲ.

“ಸಿಟ್ಟಾಗಬ್ಯಾಡ್ರಿ ಸರ. ಚೀಲ ಬಂದಾಗ ತೂಕ ಮಾಡದೆ ‘ಸರಿಯಾಗಿ ಮುಟ್ಟಿದೆ’ ಅಂತ ಸಹಿ ನೀವೇ ಮಾಡೀರಿ. ಅದೂ ಇದರಾಗ ಬರೀಬೇಕಲ್ರಿ?”

ನನ್ನ ಕಿವಿ ಬಿಸಿಯಾದುದು ನಿಜ. ಆದರೆ ಅವರು ತೋರಿಸುತ್ತಿದ್ದುದು ಪುಸ್ತಕವನ್ನು, ನನ್ನನ್ನಲ್ಲ. ಬರೆದೆ. ಆಮೇಲೆ ಅವರೂ ಸಹಿ ಹಾಕಿದರು.

ಅಷ್ಟರಲ್ಲಿ ಕತ್ತಲಾಗಿತ್ತು. ಅವರ ಮೋಟಾರ್ ಸೈಕಲಿನ ಹಿಂದೆ ಕುಳಿತು ಹುಮನಾಬಾದಿನ ಬಸ್ ನಿಲ್ದಾಣಕ್ಕೆ ಬಂದೆ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಕಲ್ಯಾಣದ ಬಸ್ಸು ಬಂದಾಗ ಮಾತ್ರ ಅವರು, “ಸರ, ಕಾಂಟಾ ಸ್ವಲ್ಪ ವಾಲತದ. ನಾಳೆ ರಿಪೇರಿ ಮಾಡಸ್ತೀನ್ರಿ,” ಎಂದರು.